ಬೆಲ್ಲವೂ ಸಕ್ಕರೆಯೇ: ದಿನನಿತ್ಯದ ಆಹಾರದಲ್ಲಿ ನೈಸರ್ಗಿಕ ಹಾಗೂ ಸೇರಿಸಿದ ಸಕ್ಕರೆ

ಮಧುಮೇಹ ಇರುವುದು ಪತ್ತೆಯಾದ ಕೂಡಲೇ ಚಹಾಕ್ಕೆ ಸಕ್ಕರೆಯನ್ನು ಬಿಟ್ಟು ಬೆಲ್ಲ ಬಳಸಲು ಆರಂಭಿಸುವ ಕುಟುಂಬಗಳು ಗ್ರಾಮೀಣ ಭಾಗದಲ್ಲಿ ಅನೇಕ. ಬೆಲ್ಲವು ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸಿ ತಯಾರಿಸಿದ ಪದಾರ್ಥ, ಆದ್ದರಿಂದ ಅದು ನೈಸರ್ಗಿಕ, ಎಷ್ಟು ತಿಂದರೂ ತೊಂದರೆಯಿಲ್ಲ ಎಂಬ ನಂಬಿಕೆ ಇದಕ್ಕೆ ಕಾರಣ. ಪೋಷಣಾ ವಿಜ್ಞಾನದಲ್ಲಿ ‘ನೈಸರ್ಗಿಕ ಸಕ್ಕರೆ’ ಎಂಬುದಕ್ಕೆ ಬೇರೆಯೇ ಅರ್ಥವಿದೆ. ಇಡೀ ಹಣ್ಣು, ತರಕಾರಿ ಮತ್ತು ಹಾಲಿನಲ್ಲಿ ತಾನಾಗಿಯೇ ಅಡಗಿರುವ ಸಕ್ಕರೆ ಮಾತ್ರ ಈ ಗುಂಪಿಗೆ ಸೇರುತ್ತದೆ. ಅಡುಗೆಗೆ, ಪಾನೀಯಕ್ಕೆ ಬೆರೆಸುವ ಸಕ್ಕರೆ, ಬೆಲ್ಲ, ಜೋನಿ ಬೆಲ್ಲ ಇವೆಲ್ಲವೂ ಸೇರಿಸಿದ ಸಕ್ಕರೆಯೇ. ವಿಶ್ವ ಆರೋಗ್ಯ ಸಂಸ್ಥೆಯು ಜೇನುತುಪ್ಪ ಹಾಗೂ ಹಣ್ಣಿನ ರಸದಲ್ಲಿರುವ ಸಕ್ಕರೆಯನ್ನೂ ಮಿತಿಗೊಳಿಸಬೇಕಾದ ‘ಮುಕ್ತ ಸಕ್ಕರೆ’ಗಳ ಸಾಲಿನಲ್ಲಿಯೇ ಪರಿಗಣಿಸುತ್ತದೆ.

ವ್ಯತ್ಯಾಸವಿರುವುದು ಸಕ್ಕರೆಯ ಕಣದಲ್ಲಲ್ಲ, ಅದು ದೇಹವನ್ನು ಸೇರುವ ರೀತಿಯಲ್ಲಿ. ಸೀಬೆಹಣ್ಣಿನ ಸಕ್ಕರೆಯು ಜೀವಕೋಶಗಳ ಗೋಡೆಯೊಳಗೆ ನಾರು ಮತ್ತು ನೀರಿನೊಂದಿಗೆ ಇರುತ್ತದೆ. ಅದನ್ನು ಅಗಿದು ತಿನ್ನಬೇಕು, ಒಂದೆರಡು ಹಣ್ಣಿಗೆ ಹೊಟ್ಟೆ ತುಂಬುತ್ತದೆ, ಸಕ್ಕರೆ ನಿಧಾನವಾಗಿ ರಕ್ತವನ್ನು ಸೇರುತ್ತದೆ. ಕಬ್ಬಿನ ಹಾಲಿನಲ್ಲಾದರೋ ನಾರು ಸಿಪ್ಪೆಯಾಗಿ ಗಾಣದ ಬಳಿಯೇ ಉಳಿದಿರುತ್ತದೆ. ಆ ಹಾಲಿನಲ್ಲಿ ಸಾಮಾನ್ಯವಾಗಿ ಶೇ 13ರಿಂದ 15ರಷ್ಟು ಸಕ್ಕರೆ ಇರುವುದರಿಂದ 200 ಮಿ.ಲೀ. ಲೋಟವೊಂದರಲ್ಲಿ 26ರಿಂದ 30 ಗ್ರಾಂ ಸಕ್ಕರೆ ಕೆಲವೇ ಗುಟುಕುಗಳಲ್ಲಿ ಒಳಸೇರುತ್ತದೆ.

ಈ ಪ್ರಮಾಣ ಹೆಚ್ಚೇ? ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಮುಕ್ತ ಸಕ್ಕರೆಯಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು. ದಿನಕ್ಕೆ 2000 ಕಿಲೋ ಕ್ಯಾಲೊರಿ ಸೇವಿಸುವವರಿಗೆ ಇದು ಕ್ರಮವಾಗಿ 50 ಗ್ರಾಂ ಹಾಗೂ 25 ಗ್ರಾಂ. ದಿನವೂ ಅಳೆಯುವುದು ಯಾರಿಗೂ ಸಾಧ್ಯವಿಲ್ಲ. ಆದ್ದರಿಂದ ವಿಸ್ತರಣಾ ಕಾರ್ಯಕರ್ತರು ತಿಂಗಳ ದಿನಸಿ ಚೀಟಿಯಿಂದ ಲೆಕ್ಕ ಆರಂಭಿಸುವುದು ಸೂಕ್ತ. ತಲೆಗೆ 25 ಗ್ರಾಂನಂತೆ ನಾಲ್ವರು ವಯಸ್ಕರಿರುವ ಮನೆಗೆ ತಿಂಗಳಿಗೆ ಸಕ್ಕರೆ, ಬೆಲ್ಲ ಎರಡೂ ಸೇರಿ 3 ಕಿ.ಗ್ರಾಂ. ಸಾಕು, 6 ಕಿ.ಗ್ರಾಂ. ಆದರೆ ಮೇಲ್ಮಿತಿಯನ್ನು ಮುಟ್ಟಿದಂತೆ. ಅಂಗಡಿಯ ಬಿಸ್ಕತ್ತು, ತಂಪು ಪಾನೀಯ, ಹಬ್ಬಕ್ಕೆ ಕೊಂಡ ಸಿಹಿತಿಂಡಿ ಈ ಚೀಟಿಯಲ್ಲಿ ಕಾಣುವುದಿಲ್ಲ ಎಂಬುದನ್ನೂ ತಿಳಿಸಬೇಕು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆಯಾಗಲಿ ಬೆಲ್ಲವಾಗಲಿ ಬೇಡ. ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು.

ಬೆಲ್ಲದಲ್ಲಿ ಕಬ್ಬಿಣಾಂಶವಿದೆ ಎಂಬುದು ನಿಜ, ಆದರೆ 10 ಗ್ರಾಂ ತುಣುಕಿನಲ್ಲಿ ಅದು ಸುಮಾರು 1 ಮಿ.ಗ್ರಾಂ. ಅಥವಾ ಅದಕ್ಕಿಂತ ಕಡಿಮೆ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿ.ಗ್ರಾಂ. ಶಿಫಾರಸು ಮಾಡಲಾಗಿದೆ. ರಕ್ತಹೀನತೆಗೆ ಬೆಲ್ಲವನ್ನೇ ನೆಚ್ಚುವುದಕ್ಕಿಂತ ಸೊಪ್ಪು, ಕಾಳುಗಳನ್ನು ನಿಂಬೆರಸದೊಂದಿಗೆ ಬಳಸುವುದು ಮೇಲು. ವೈದ್ಯರು ಸೂಚಿಸಿದ ಮಾತ್ರೆಯನ್ನಂತೂ ಬಿಡಬಾರದು. ಶಕ್ತಿಯ ಲೆಕ್ಕದಲ್ಲಿ ಬೆಲ್ಲ ಮತ್ತು ಸಕ್ಕರೆ ಹೆಚ್ಚುಕಡಿಮೆ ಸಮ. ಬೆಲ್ಲದ ಬಹುಪಾಲು ಸುಕ್ರೋಸ್ ಆಗಿರುವುದರಿಂದ ಮಧುಮೇಹಿಗಳಿಗೆ ಅದು ಸಕ್ಕರೆಗೆ ಪರ್ಯಾಯವಲ್ಲ.

ಹೀಗೆಂದು ಕಬ್ಬು ಬೆಳೆಗಾರರು ಬೇಸರಪಡಬೇಕಾಗಿಲ್ಲ. ರುಚಿ, ಪರಿಮಳ, ಶುದ್ಧತೆಗಳೇ ಬೆಲ್ಲಕ್ಕೆ ಮಾರುಕಟ್ಟೆ ಒದಗಿಸಬಲ್ಲ ಗುಣಗಳು. ಬಣ್ಣ ಬಿಳುಪಾಗಲೆಂದು ಹೈಡ್ರೋಸ್ ಸುರಿಯುವುದನ್ನು ಬಿಟ್ಟು, ಬೆಂಡೆಗಿಡದ ಲೋಳೆಯಿಂದ ಮಡ್ಡಿ ತೆಗೆದ ಕಂದು ಬೆಲ್ಲವನ್ನು ಹಾಗೆಯೇ ವಿವರಿಸಿ ಮಾರಬಹುದು. ಬೆಲ್ಲ ಬೆರೆಸಿದ ರಾಗಿ ಉಂಡೆ, ಚಿಕ್ಕಿ ಮುಂತಾದವನ್ನು ಪೊಟ್ಟಣ ಕಟ್ಟಿ ಮಾರುವ ಸ್ವಸಹಾಯ ಸಂಘಗಳು ‘ಸಕ್ಕರೆ ರಹಿತ’ ಅಥವಾ ‘ಮಧುಮೇಹಿಗಳಿಗೆ ಸುರಕ್ಷಿತ’ ಎಂದು ಮುದ್ರಿಸಬಾರದು. ಪೌಷ್ಟಿಕಾಂಶದ ಪಟ್ಟಿಯಲ್ಲಿ ಆ ಬೆಲ್ಲವನ್ನು ಸೇರಿಸಿದ ಸಕ್ಕರೆಯ ಲೆಕ್ಕಕ್ಕೇ ತರಬೇಕು.