ಮೇಜಿನ ಮೇಲೆ ಶಂಶಾಬಾದ್ ಸ್ಟೇಷನ್: ಮಾಡೆಲ್ ರೈಲ್ವೆ ಕಟ್ಟುವುದು ಹೇಗೆ? ಇದಕ್ಕೆ ಗೆಳೆಯರ ಗುಂಪೇ ಏಕೆ ಬೇಕು?

ಶಂಶಾಬಾದ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಹೈದರಾಬಾದ್‌ನ ವಿಮಾನ ನಿಲ್ದಾಣ. ಆದರೆ ಈ ಊರಿಗೆ ಒಂದು ರೈಲು ನಿಲ್ದಾಣವೂ ಇದೆ. ಬೋರ್ಡಿನ ಮೇಲೆ ಶಂಶಾಬಾದ್ ಎಂದು ಬರೆದಿಲ್ಲದ ಕಾರಣ ಅದು ಹಲವರಿಗೆ ಗೊತ್ತೇ ಇಲ್ಲ. ಅದರ ಹೆಸರು ಉಮ್ದಾನಗರ. ಕಾಚಿಗುಡದಿಂದ ಹೊರಟು ಮಹಬೂಬ್‌ನಗರ, ಕರ್ನೂಲು ದಾಟಿ ಬೆಂಗಳೂರಿಗೆ ಬರುವ ರೈಲುಗಳು ಹಾದುಹೋಗುವುದು ಇದೇ ಹಳಿಯ ಮೇಲೆ. 2023ರ ಸೆಪ್ಟೆಂಬರ್ 24ರಂದು ಆರಂಭವಾದ ಕಾಚಿಗುಡ–ಯಶವಂತಪುರ ವಂದೇ ಭಾರತ್ ಕೂಡ ಇಲ್ಲಿಂದಲೇ ಸಾಗುತ್ತದೆ.

ಇಂಥ ಒಂದು ಸ್ಟೇಷನ್ನನ್ನು ಹಳಿ, ಸಿಗ್ನಲ್, ಬಂಡೆ, ಬೇವಿನ ಮರ ಸಮೇತ ಮನೆಯ ಮೇಜಿನ ಮೇಲೆ ಕಟ್ಟಿ, ಅದರಲ್ಲಿ ರೈಲು ಓಡಿಸಲು ಸಾಧ್ಯವೇ? ಸಾಧ್ಯ. ಜಗತ್ತಿನಾದ್ಯಂತ ಮಾಡೆಲ್ ರೈಲ್ವೆ ಹವ್ಯಾಸಿಗಳು ಮಾಡುವ ಕೆಲಸವೇ ಅದು. ಆದರೆ ಅದಕ್ಕೆ ಅಂಗಡಿಯಿಂದ ಆಟಿಕೆ ತಂದರೆ ಸಾಲದು. ಲೆಕ್ಕ ಬೇಕು, ತಾಳ್ಮೆ ಬೇಕು, ಜೊತೆಗೆ ನಾಲ್ಕು ಜನ ಬೇಕು. ಉಮ್ದಾನಗರವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಹವ್ಯಾಸದ ಒಳಗುಟ್ಟು ತಿಳಿಯೋಣ.

ಏನಿದು ಮಾಡೆಲ್ ರೈಲ್ವೆ ಲೇಔಟ್?

ಲೇಔಟ್ ಎಂದ ಕೂಡಲೇ ಬೆಂಗಳೂರಿನವರಿಗೆ ಸೈಟು ನೆನಪಾಗಬಹುದು. ಇಲ್ಲಿ ಲೇಔಟ್ ಎಂದರೆ ಹಲಗೆಯ ಮೇಲೆ ಕಟ್ಟಿದ ಪುಟ್ಟ ರೈಲ್ವೆ ಜಗತ್ತು. ಆಟಿಕೆ ರೈಲಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದೇ: ಇಲ್ಲಿ ಎಲ್ಲವೂ ಒಂದೇ ಅಳತೆಯಲ್ಲಿ ಕುಗ್ಗಿರಬೇಕು. ಬೋಗಿ ಎಷ್ಟು ಪಟ್ಟು ಚಿಕ್ಕದಾಗಿದೆಯೋ ಪ್ಲಾಟ್‌ಫಾರಂ ಬೆಂಚು, ಚಹಾದ ಗಾಡಿ, ನಿಂತಿರುವ ಮನುಷ್ಯ ಎಲ್ಲವೂ ಅಷ್ಟೇ ಪಟ್ಟು ಚಿಕ್ಕದಾಗಿರಬೇಕು. ಈ ಪ್ರಮಾಣವನ್ನೇ ಸ್ಕೇಲ್ ಎನ್ನುತ್ತಾರೆ.

ಹೆಚ್ಚು ಬಳಕೆಯಲ್ಲಿರುವ ಸ್ಕೇಲ್ ಎಚ್‌ಒ. ಇದರಲ್ಲಿ ವಸ್ತು ನಿಜದ 87ನೇ ಒಂದು ಭಾಗದಷ್ಟಿರುತ್ತದೆ. ಜಾಗ ಕಡಿಮೆ ಇರುವವರು ಎನ್ ಸ್ಕೇಲ್ ಆರಿಸಿಕೊಳ್ಳುತ್ತಾರೆ. ಅದು 160ನೇ ಒಂದು ಭಾಗ. ಸುಮಾರು 23.5 ಮೀಟರ್ ಉದ್ದದ ಎಲ್‌ಎಚ್‌ಬಿ ಬೋಗಿ ಎಚ್‌ಒದಲ್ಲಿ 27 ಸೆಂ.ಮೀ., ಎನ್‌ನಲ್ಲಿ 15 ಸೆಂ.ಮೀ.ಗೂ ತುಸು ಕಡಿಮೆ ಆಗುತ್ತದೆ.

ಭಾರತದ ಹಳಿಗೆ ಹೊಂದದ ಅಳತೆ

ಭಾರತೀಯ ಹವ್ಯಾಸಿಗೆ ಮೊದಲ ತಲೆನೋವು ಇಲ್ಲೇ ಶುರುವಾಗುತ್ತದೆ. ಎಚ್‌ಒ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ ಸಿಗುವುದು 1,435 ಮಿ.ಮೀ., ಅಂದರೆ ಯುರೋಪ್ ಮತ್ತು ಅಮೆರಿಕದ ಸ್ಟಾಂಡರ್ಡ್ ಗೇಜ್. ಆದರೆ ಭಾರತದ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು ಸರಿಯಾಗಿ ಕುಗ್ಗಿಸಿದರೆ ಹಳಿಗಳ ಅಂತರ 19.3 ಮಿ.ಮೀ. ಬರಬೇಕು.

ಹೀಗಾಗಿ ಅಂಗಡಿಯಲ್ಲಿ ಸಿಗುವ ಹಳಿಯ ಮೇಲೆ ಭಾರತದ ಬೋಗಿ ಇಟ್ಟರೆ ಸುಮಾರು 3 ಮಿ.ಮೀ. ಕೊರತೆ ಬೀಳುತ್ತದೆ. ಕೇಳಲು ಇದು ಅಲ್ಪ. ಆದರೆ ಎದುರಿನಿಂದ ನೋಡಿದರೆ ದಪ್ಪ ಮನುಷ್ಯ ಕಾಲು ಜೋಡಿಸಿ ನಿಂತಂತೆ ಕಾಣುತ್ತದೆ. ಹಳಿ, ಪಾಯಿಂಟ್, ಚಕ್ರ ಎಲ್ಲವನ್ನೂ ಕೈಯಾರೆ ಮಾಡಿಕೊಳ್ಳುವುದು ಒಂದು ದಾರಿ. ಈ ಕೊರತೆಯನ್ನು ಒಪ್ಪಿಕೊಂಡು ಮುಂದೆ ಸಾಗುವುದು ಇನ್ನೊಂದು. ಹೆಚ್ಚಿನವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ.

ವಿಶೇಷವೆಂದರೆ ಹೈದರಾಬಾದ್ ಮೆಟ್ರೊ ಮತ್ತು ನಮ್ಮ ಮೆಟ್ರೊ ಎರಡೂ ಓಡುವುದು ಸ್ಟಾಂಡರ್ಡ್ ಗೇಜ್ ಮೇಲೆ. ಮೆಟ್ರೊ ಮಾಡೆಲ್ ಮಾಡುವವರಿಗೆ ಎಚ್‌ಒ ಹಳಿ ಹೇಳಿ ಮಾಡಿಸಿದಂತಿದೆ.

ಯಾವ ಕಾಲದ ಶಂಶಾಬಾದ್?

ಎರಡನೇ ಪ್ರಶ್ನೆ ಕಾಲದ್ದು. ಯಾವ ಕಾಲದ ಸ್ಟೇಷನ್ ಕಟ್ಟಬೇಕು?

ಇಂದಿನದ್ದಾದರೆ ಜೋಡಿ ಹಳಿ, ಮೇಲೆ ವಿದ್ಯುತ್ ತಂತಿ, ಎಂಎಂಟಿಎಸ್ ಲೋಕಲ್ ರೈಲು ಎಲ್ಲವೂ ಬೇಕು. 85 ಕಿ.ಮೀ. ಉದ್ದದ ಸಿಕಂದರಾಬಾದ್–ಮಹಬೂಬ್‌ನಗರ ಜೋಡಿಮಾರ್ಗ ಮತ್ತು ವಿದ್ಯುದೀಕರಣ ಲೋಕಾರ್ಪಣೆಯಾಗಿದ್ದು 2023ರ ಏಪ್ರಿಲ್ 8ರಂದು. ಅದಕ್ಕಿಂತ ಹಿಂದೆ ಹೋದರೆ ಒಂಟಿ ಹಳಿ. ಇನ್ನೂ ಹಿಂದೆ, ಅಂದರೆ 1990ರ ದಶಕದ ಗೇಜ್ ಪರಿವರ್ತನೆಗೂ ಮೊದಲು ಇಲ್ಲಿದ್ದದ್ದು ನಿಜಾಮರ ಕಾಲದಲ್ಲಿ ಹಾಕಿದ ಮೀಟರ್‌ಗೇಜ್. ಆಗ ಇಲ್ಲಿ ವಿಮಾನ ನಿಲ್ದಾಣವೂ ಇರಲಿಲ್ಲ. ಅದು ಶುರುವಾಗಿದ್ದು 2008ರ ಮಾರ್ಚ್‌ನಲ್ಲಿ.

ಇಲ್ಲೊಂದು ಸ್ವಾರಸ್ಯವಿದೆ. ಮೀಟರ್‌ಗೇಜ್‌ನ 1,000 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 11.5 ಮಿ.ಮೀ. ಬರುತ್ತದೆ. ಸ್ವಿಟ್ಜರ್ಲೆಂಡ್‌ನಂಥ ದೇಶಗಳ ಮೀಟರ್‌ಗೇಜ್ ಮಾಡೆಲ್‌ಗಳಿಗಾಗಿ 12 ಮಿ.ಮೀ. ಹಳಿ ಸಿದ್ಧವಾಗಿ ಸಿಗುತ್ತದೆ. ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್. ಅಂದರೆ ಇಂದು ಕಣ್ಣೆದುರು ಓಡುತ್ತಿರುವ ಬ್ರಾಡ್‌ಗೇಜ್‌ಗಿಂತ, ಕಿತ್ತುಹೋದ ಮೀಟರ್‌ಗೇಜ್ ಹಳಿಯನ್ನೇ ಹೆಚ್ಚು ನಿಖರವಾಗಿ ಕಟ್ಟಬಹುದು!

ಕರ್ನಾಟಕದವರಿಗೂ ಇದು ಅನ್ವಯಿಸುತ್ತದೆ. 1992ರಲ್ಲಿ ಶುರುವಾದ ಯೂನಿಗೇಜ್ ಯೋಜನೆಯ ನಂತರ ಬೆಂಗಳೂರು–ಮೈಸೂರು, ಬೆಂಗಳೂರು–ಹುಬ್ಬಳ್ಳಿ ಮಾರ್ಗಗಳ ಮೀಟರ್‌ಗೇಜ್ ಕೂಡ ಮರೆಯಾಯಿತು. ಅರಸೀಕೆರೆ, ಬೀರೂರುಗಳಲ್ಲಿ ಆ ಪುಟ್ಟ ರೈಲು ಹತ್ತಿದವರ ನೆನಪಿನಲ್ಲಿ ಮಾತ್ರ ಅದು ಉಳಿದಿದೆ.

ಎಲ್ಲವನ್ನೂ ಕಟ್ಟಲಾಗದು; ಏನನ್ನು ಬಿಡಬೇಕು?

ಸ್ಕೇಲ್ ಮತ್ತು ಕಾಲ ತೀರ್ಮಾನವಾದ ಮೇಲೆ ಎದುರಾಗುವುದು ಜಾಗದ ಸಮಸ್ಯೆ. ಎಚ್‌ಒ ಸ್ಕೇಲ್‌ನಲ್ಲಿ ಈ ಲೆಕ್ಕ ನೋಡಿ:

- ಶಂಶಾಬಾದ್ ವಿಮಾನ ನಿಲ್ದಾಣದ 4,260 ಮೀಟರ್ ರನ್‌ವೇ: 49 ಮೀಟರ್
- ಫಲಕ್‌ನುಮಾದಿಂದ ಉಮ್ದಾನಗರದವರೆಗಿನ ಸುಮಾರು 14 ಕಿ.ಮೀ. ಹಳಿ: 160 ಮೀಟರ್
- 22 ಬೋಗಿಯ ಎಕ್ಸ್‌ಪ್ರೆಸ್ ರೈಲು: ಸುಮಾರು 6 ಮೀಟರ್
- ಬ್ರಾಡ್‌ಗೇಜ್‌ನ ಅತಿ ಕಡಿದಾದ 10 ಡಿಗ್ರಿ ತಿರುವಿನ ತ್ರಿಜ್ಯ: 2 ಮೀಟರ್

ಎಂದರೆ ನಿಜವಾದ ಅಳತೆಯಲ್ಲಿ ಒಂದು ಸುತ್ತು ಹಳಿ ಹಾಕಲು 4 ಮೀಟರ್ ಅಗಲದ ಕೋಣೆ ಬೇಕು. ಎರಡು ಬೆಡ್‌ರೂಂ ಫ್ಲ್ಯಾಟ್‌ನಲ್ಲಿ ಇದು ಆಗುವ ಮಾತಲ್ಲ. ಅದಕ್ಕೇ ಹವ್ಯಾಸಿಗಳು ಅರ್ಧ ಮೀಟರ್ ಆಸುಪಾಸಿನ ತ್ರಿಜ್ಯದ ತಿರುವು ಹಾಕಿ, ಅದನ್ನು ಗುಡ್ಡದ ಹಿಂದೆಯೋ ಕಟ್ಟಡದ ಮರೆಯಲ್ಲೋ ಅಡಗಿಸುತ್ತಾರೆ. 22 ಬೋಗಿಯ ರೈಲನ್ನು 7 ಬೋಗಿಗೆ ಇಳಿಸುತ್ತಾರೆ. ಪ್ಲಾಟ್‌ಫಾರಂ ಮೊಟಕಾಗುತ್ತದೆ, ಆದರೆ ಅದರ ಎತ್ತರ, ಚಾವಣಿ, ಹಳದಿ ನಾಮಫಲಕದ ಅಳತೆ ಬದಲಾಗುವುದಿಲ್ಲ. ಉದ್ದ ಕಡಿಮೆಯಾದರೆ ನೋಡುವವನ ಕಣ್ಣು ಕ್ಷಮಿಸುತ್ತದೆ. ಬಾಗಿಲಿಗಿಂತ ಮನುಷ್ಯ ಎತ್ತರವಾಗಿದ್ದರೆ ಕ್ಷಮಿಸುವುದಿಲ್ಲ.

ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬ್ರೌನ್ ಸಹೋದರರು 2001ರಲ್ಲಿ ತೆರೆದ ಮಿನಿಯಾಟೂರ್ ವುಂಡರ್‌ಲಾಂಡ್ ಜಗತ್ತಿನ ಅತಿ ದೊಡ್ಡ ಮಾಡೆಲ್ ರೈಲ್ವೆ. ಅಲ್ಲಿ ವಿಮಾನಗಳು ಏರಿ ಇಳಿಯುವ ಪುಟ್ಟ ವಿಮಾನ ನಿಲ್ದಾಣವೂ 2011ರಿಂದ ಇದೆ. ಅಷ್ಟು ಜಾಗವಿದ್ದರೂ ಅವರೂ ಎಷ್ಟೋ ಕಡೆ ಅಳತೆ ಮೊಟಕುಗೊಳಿಸಲೇಬೇಕಾಯಿತು. ಭಾರತದಲ್ಲಿ ಇಂಥದ್ದನ್ನು ನೋಡಬೇಕೆಂದರೆ ಪುಣೆಯ ಕೋಥ್ರೂಡ್‌ಗೆ ಹೋಗಬಹುದು. ಭಾವುಸಾಹೇಬ್ ಜೋಶಿ ಅವರು ಕಟ್ಟಿದ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಅಲ್ಲಿ 1998ರಿಂದ ನಡೆಯುತ್ತಿದೆ.

ಅಳತೆ ಎಲ್ಲಿಂದ ತರುವುದು?

ಪ್ಲಾಟ್‌ಫಾರಂ ಟಿಕೆಟ್ ಪಡೆದು ಒಂದು ಸಂಜೆ ಸ್ಟೇಷನ್‌ನಲ್ಲಿ ಕಳೆದರೆ ಅರ್ಧ ಕೆಲಸ ಆದಂತೆ. ನಿಂತ ರೈಲಿನ ಬೋಗಿಯೇ ಅಳತೆ ಕೋಲು. ಒಂದು ಬೋಗಿ ಎಷ್ಟು ಉದ್ದ ಎಂದು ಗೊತ್ತಿದ್ದರೆ ಚಾವಣಿ ಎಷ್ಟು ಬೋಗಿಯಷ್ಟಿದೆ ಎಂದು ಎಣಿಸಿದರಾಯಿತು. ಆದರೆ ಹಳಿಗೆ ಇಳಿಯುವಂತಿಲ್ಲ. ರೈಲ್ವೆ ಕಾಯ್ದೆ 1989ರ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶ ಶಿಕ್ಷಾರ್ಹ ಅಪರಾಧ. ವಿಮಾನ ನಿಲ್ದಾಣ ಪಕ್ಕದಲ್ಲೇ ಇರುವುದರಿಂದ ಶಂಶಾಬಾದ್‌ನಲ್ಲಿ ಡ್ರೋನ್ ಹಾರಿಸುವ ಯೋಚನೆಯೂ ಬೇಡ.

ಮೀಟರ್‌ಗೇಜ್ ಬೋಗಿ, ಎಂಜಿನ್‌ಗಳನ್ನು ಹತ್ತಿರದಿಂದ ನೋಡಲು 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ಮ್ಯೂಸಿಯಂ ಒಳ್ಳೆಯ ಜಾಗ. ಉಳಿದದ್ದಕ್ಕೆ ಮನೆಯ ಆಲ್ಬಂ ಮತ್ತು ಹಿರಿಯರ ನೆನಪೇ ಆಧಾರ. ನೀರಿನ ಟ್ಯಾಂಕ್ ಯಾವ ಕಡೆ ಇತ್ತು, ಗೇಟ್‌ಮನ್ ಕೋಣೆ ಎಲ್ಲಿತ್ತು ಎಂಬುದನ್ನು ನಿವೃತ್ತ ರೈಲ್ವೆ ನೌಕರರನ್ನು ಬಿಟ್ಟರೆ ಬೇರೆ ಯಾರೂ ಹೇಳಲಾರರು. ಕೇಳುವುದು ತಡವಾದಷ್ಟೂ ಉತ್ತರ ಸಿಗುವುದು ಕಷ್ಟ.

ಗೆಳೆಯರು ಏಕೆ ಬೇಕು?

ಒಬ್ಬರೇ ಇಡೀ ಸ್ಟೇಷನ್ ಕಟ್ಟಲು ಹೊರಟರೆ ಜಾಗ ಸಾಲದು, ಹಣ ಸಾಲದು, ವರ್ಷಗಳೂ ಸಾಲವು. ಭಾರತೀಯ ಮಾಡೆಲ್‌ಗಳು ಸಿದ್ಧರೂಪದಲ್ಲಿ ಸಿಗುವುದು ಕಡಿಮೆ. ಎಂಜಿನ್, ಹಳಿ ಬಹುತೇಕ ಆಮದಾಗಬೇಕು. ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಪರಿಹಾರ ಮಾಡ್ಯೂಲ್ ಪದ್ಧತಿ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಂದೊಂದು ಹಲಗೆ ಕಟ್ಟುತ್ತಾರೆ. ತಿಂಗಳಿಗೊಮ್ಮೆ ಒಂದು ಹಾಲ್‌ನಲ್ಲಿ ಸೇರಿ ಎಲ್ಲವನ್ನೂ ಜೋಡಿಸಿದರೆ ಉದ್ದನೆಯ ಮಾರ್ಗ ಸಿದ್ಧ.

ಅಮೆರಿಕದಲ್ಲಿ 1970ರ ದಶಕದಲ್ಲಿ ಎನ್‌ಟ್ರ್ಯಾಕ್ ಎಂಬ ಪದ್ಧತಿ ಹೀಗೆ ಜನಪ್ರಿಯವಾಯಿತು. ಅದಕ್ಕಿಂತ ಚಿಕ್ಕದು ಟಿ-ಟ್ರ್ಯಾಕ್. ಇದರಲ್ಲಿ ಒಂದು ಮಾಡ್ಯೂಲ್‌ನ ಅಗಲ ಸುಮಾರು 31 ಸೆಂ.ಮೀ. ಮಾತ್ರ. ಸ್ಕೂಟರ್‌ನಲ್ಲಿ ಇಟ್ಟುಕೊಂಡು ಹೋಗಬಹುದು, ಬೀರುವಿನಲ್ಲಿ ಇಡಬಹುದು.

ಆದರೆ ಇದು ನಡೆಯಬೇಕಾದರೆ ಮೊದಲೇ ಒಪ್ಪಂದ ಆಗಬೇಕು. ಹಲಗೆಯ ಅಂಚಿನಿಂದ ಹಳಿ ಎಷ್ಟು ದೂರ, ನೆಲದಿಂದ ಎಷ್ಟು ಎತ್ತರ, ಯಾವ ಬಣ್ಣದ ತಂತಿ ಯಾವ ಹಳಿಗೆ ಎಂಬುದು ಎಲ್ಲರಿಗೂ ಒಂದೇ ಇರಬೇಕು. ಎರಡು ಅಂಚುಗಳ ನಡುವೆ ಏನು ಕಟ್ಟುತ್ತೀರಿ ಎಂಬುದು ನಿಮ್ಮ ಸ್ವಾತಂತ್ರ್ಯ. ಅಂಚಿನಲ್ಲಿ ಮಾತ್ರ ಸ್ವಾತಂತ್ರ್ಯವಿಲ್ಲ. ಒಬ್ಬರ ಹಲಗೆ 2 ಮಿ.ಮೀ. ತಪ್ಪಿದರೂ ಎಲ್ಲರ ರೈಲೂ ಅಲ್ಲಿ ಹಳಿ ತಪ್ಪುತ್ತದೆ.

ಕಟ್ಟುವ ಕ್ರಮ ಹೇಗೆ?

1. ಚೌಕಟ್ಟು: ಮರದ ಪಟ್ಟಿಯ ಚೌಕಟ್ಟಿನ ಮೇಲೆ ಪ್ಲೈವುಡ್. ಮಳೆಗಾಲದಲ್ಲಿ ಬಾಗದಂತೆ ಎರಡೂ ಬದಿಗೆ ಬಣ್ಣ ಹಚ್ಚಬೇಕು.

2. ಹಳಿ: ಕೆಳಗೆ ಕಾರ್ಕ್ ಪಟ್ಟಿ ಹಾಕಿದರೆ ಸದ್ದು ಕಡಿಮೆ. ಏರು ಇದ್ದರೆ 100ಕ್ಕೆ 2 ದಾಟಬಾರದು. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರು ಕೂಡ 50ಕ್ಕೆ 1, ಅಂದರೆ ಇಷ್ಟೇ.

3. ವಿದ್ಯುತ್: ಹಳೆಯ ಪದ್ಧತಿಯಲ್ಲಿ ಹಳಿಗೆ 12 ವೋಲ್ಟ್ ಡಿಸಿ ಕೊಡುತ್ತಾರೆ, ಆ ಹಳಿಯ ಮೇಲಿರುವ ಎಲ್ಲ ಎಂಜಿನ್‌ಗಳೂ ಒಟ್ಟಿಗೆ ಓಡುತ್ತವೆ. ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಪ್ರತಿ ಎಂಜಿನ್‌ಗೂ ಒಂದು ನಂಬರ್ ಇರುತ್ತದೆ. ಒಂದೇ ಹಳಿಯಲ್ಲಿ ಎರಡು ಎಂಜಿನ್‌ಗಳನ್ನು ಬೇರೆ ಬೇರೆಯಾಗಿ ಓಡಿಸಬಹುದು.

4. ಪರೀಕ್ಷೆ: ದೃಶ್ಯ ಕಟ್ಟುವ ಮೊದಲು ವಾರಗಟ್ಟಲೆ ರೈಲು ಓಡಿಸಿ ನೋಡಬೇಕು. ಜಲ್ಲಿ ಅಂಟಿಸಿದ ಮೇಲೆ ಹಳಿ ಸರಿಪಡಿಸುವುದು ಕಷ್ಟ.

5. ದೃಶ್ಯ: ಜರಡಿ ಹಿಡಿದ ಸಣ್ಣ ಕಲ್ಲು ಹರಡಿ, ನೀರು ಬೆರೆಸಿದ ಫೆವಿಕಾಲ್ ಹನಿಸಿದರೆ ಜಲ್ಲಿ ಸಿದ್ಧ. ಶಂಶಾಬಾದ್ ಸುತ್ತಲಿನ ಗ್ರಾನೈಟ್ ಬಂಡೆಗಳನ್ನು ಥರ್ಮಾಕೋಲ್ ಕೊರೆದು, ಪ್ಲಾಸ್ಟರ್ ಬಳಿದು ಮಾಡಬಹುದು. ಬಳಸಿ ಒಣಗಿಸಿದ ಚಹಾಪುಡಿ ಮಣ್ಣಾಗುತ್ತದೆ, ಬಣ್ಣ ಹಾಕಿದ ಮರದ ಹೊಟ್ಟು ಹುಲ್ಲಾಗುತ್ತದೆ. ವಿದೇಶಿ ಕಿಟ್‌ಗಳಲ್ಲಿ ಬರುವ ಪೈನ್ ಮರ ಇಲ್ಲಿ ಬೇಡ.

6. ನಿರ್ವಹಣೆ: ದೂಳೇ ದೊಡ್ಡ ಶತ್ರು. ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಬಟ್ಟೆಯಿಂದ ಹಳಿ ಒರೆಸುತ್ತಿರಬೇಕು.

'ಲೈನ್ ಕ್ಲಿಯರ್' ಸಿಕ್ಕರೆ ಮಾತ್ರ ರೈಲು

ಕಟ್ಟಿದ ಮೇಲೆ ಸುಮ್ಮನೆ ಸುತ್ತು ಹೊಡೆಸಿದರೆ ಅರ್ಧ ಗಂಟೆಯಲ್ಲಿ ಬೇಸರವಾಗುತ್ತದೆ. ಗಂಟೆಗೆ 110 ಕಿ.ಮೀ. ವೇಗದ ರೈಲು ಎಚ್‌ಒದಲ್ಲಿ ಸೆಕೆಂಡಿಗೆ 35 ಸೆಂ.ಮೀ. ಸಾಗುತ್ತದೆ, 2 ಮೀಟರ್ ಮೇಜು ಆರು ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಜವಾದ ಮಜಾ ಇರುವುದು ನಿಯಮ ಪಾಲಿಸಿ ಓಡಿಸುವುದರಲ್ಲಿ.

ಒಂಟಿ ಹಳಿಯ ಕಾಲದಲ್ಲಿ ಮುಂದಿನ ಸ್ಟೇಷನ್ ಮಾಸ್ಟರ್ 'ಲೈನ್ ಕ್ಲಿಯರ್' ಕೊಡದೆ ರೈಲು ಹೊರಡುವಂತಿರಲಿಲ್ಲ. ಅನುಮತಿಯ ಗುರುತಾಗಿ ಡ್ರೈವರ್ ಕೈಗೆ ಟೋಕನ್ ಬರುತ್ತಿತ್ತು. ಮಾಡ್ಯೂಲ್ ಲೇಔಟ್‌ನಲ್ಲೂ ಒಬ್ಬೊಬ್ಬರು ಒಂದೊಂದು ಸ್ಟೇಷನ್ ಮಾಸ್ಟರ್ ಆಗಿ ಹೀಗೇ ಆಡಬಹುದು. ಆಟವೆಂದು ತಳ್ಳಿಹಾಕುವಂತಿಲ್ಲ. ರೈಲ್ವೆಯ ತರಬೇತಿ ಕೇಂದ್ರಗಳಲ್ಲೂ ಮಾಡೆಲ್ ರೂಂಗಳಿದ್ದು, ಸಿಬ್ಬಂದಿ ಪುಟ್ಟ ಹಳಿಗಳ ಮೇಲೆಯೇ ಈ ನಿಯಮ ಕಲಿಯುತ್ತಾರೆ. ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಶುರುವಾದ ಮಾಡೆಲ್ ರೈಲ್ವೆ ಕ್ಲಬ್‌ನ ಹುಡುಗರು ಟೆಲಿಫೋನ್ ರಿಲೇಗಳಿಂದ ಸಿಗ್ನಲ್ ವ್ಯವಸ್ಥೆ ಕಟ್ಟುತ್ತಾ ಕಂಪ್ಯೂಟರ್‌ನತ್ತ ತಿರುಗಿದರು. 'ಹ್ಯಾಕರ್' ಎಂಬ ಪದದ ಒಂದು ಬೇರು ಇರುವುದು ಅಲ್ಲೇ.

ಎಲ್ಲಿಂದ ಶುರು ಮಾಡಬೇಕು?

ಇಡೀ ಉಮ್ದಾನಗರ ಬೇಡ. 31 ಸೆಂ.ಮೀ. ಹಲಗೆಯ ಮೇಲೆ ಒಂದು ನಾಮಫಲಕ, ಒಂದು ಬೆಂಚು, ಒಂದು ಬೇವಿನ ಮರ ಸಾಕು. ನಿಮ್ಮೂರು ಬೀರೂರಾದರೆ ಬೀರೂರೇ ಇರಲಿ. ಅಂಚಿನ ಅಳತೆ ಸರಿಯಿದ್ದರೆ ಇನ್ನೊಬ್ಬರ ಹಲಗೆಗೆ ಅದು ಸೇರುತ್ತದೆ. ನಿಜದಲ್ಲಿ ಕಿತ್ತುಹೋದ ಹಳಿಯ ಮೇಲೆ, ಮೇಜಿನ ಮೇಲಾದರೂ, ಮತ್ತೊಮ್ಮೆ ರೈಲು ಓಡುತ್ತದೆ.