ಗೇರು: ಹೆಸರು ನಮ್ಮದು, ಮರ ಬ್ರೆಜಿಲಿನದು!

ಕಾರ್ಕಳದ ಕಡೆ ಹೋದರೆ ಗುಡ್ಡದಲ್ಲಿ ಗೇರುಮರ, ದಾರಿಯಲ್ಲಿ ಗೇರುಬೀಜದ ಕಾರ್ಖಾನೆ. ಈ ಮರ ನಮ್ಮದೇ ಅಂದುಕೊಂಡಿದ್ದರೆ ಸ್ವಲ್ಪ ನಿಲ್ಲಿ ಮಾರಾಯ್ರೆ! ಇದರ ತವರು ಬ್ರೆಜಿಲ್. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗು ಹತ್ತಿ ಕರಾವಳಿಗೆ ಬಂದದ್ದು.

ಹಾಗಾದರೆ ‘ಗೇರು’ ಅನ್ನುವ ಹೆಸರು ಎಲ್ಲಿಂದ? ಇಲ್ಲೇ ಉಂಟು ಮಜಾ. ನಮ್ಮ ಕಾಡಲ್ಲಿ ಮೊದಲೇ ಒಂದು ಗೇರು ಇತ್ತು. ಅದರ ಕಪ್ಪು ರಸದಿಂದ ಮಡಿವಾಳರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಎರಡೂ ಒಂದೇ ಕುಟುಂಬ. ಎರಡರಲ್ಲೂ ಬೀಜ ಹಣ್ಣಿನ ಹೊರಗೇ ನೇತಾಡುತ್ತದೆ. ಹೊಸಬನಿಗೆ ಹಳಬನ ಹೆಸರು ಹೋಯಿತು, ಪಾಪ, ಹಳಬ ‘ಕರಿಗೇರು’ ಆದ! ಕೊಂಕಣಿಯವರು ಗೋಡಂಬಿಗೆ ‘ಬಿಬ್ಬೊ’ ಅನ್ನುತ್ತಾರಲ್ಲ? ಮರಾಠಿಯಲ್ಲಿ ‘ಬಿಬ್ಬಾ’ ಇವತ್ತಿಗೂ ಕರಿಗೇರೇ.

ಈಗ ಅಮೆರಿಕಕ್ಕೆ ಬನ್ನಿ. ಅಲ್ಲಿನ ಅಂಗಡಿಯಲ್ಲಿ ಪಿಸ್ತಾ, ನೆಲಗಡಲೆ ಸಿಪ್ಪೆ ಸಮೇತ ಸಿಗುತ್ತದೆ. ಗೋಡಂಬಿ ಮಾತ್ರ ಸಿಗುವುದಿಲ್ಲ. ಯಾಕೆಂದರೆ ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತದೆ. ಅಲ್ಲಿನವರು ಹೆದರುವ, ಮುಟ್ಟಿದರೆ ಬೊಬ್ಬೆ ಏಳಿಸುವ ಪಾಯ್ಸನ್ ಐವಿಯೂ ಇದೇ ಕುಟುಂಬದ್ದು. ‘ಹಸಿ ಗೋಡಂಬಿ’ ಅಂತ ಅಲ್ಲಿ ಮಾರುವುದೂ ಸಾಮಾನ್ಯವಾಗಿ ಆವಿಯಲ್ಲಿ ಬೆಂದು ಬಂದದ್ದೇ! ಆ ಎಣ್ಣೆಯನ್ನೂ ಎಸೆಯುವುದಿಲ್ಲ. ಪೇಂಟಿಗೆ, ಗಾಡಿಯ ಬ್ರೇಕ್ ಲೈನಿಂಗಿಗೆ ಹೋಗುತ್ತದೆ. ಪಾಯಸದಲ್ಲಿ ತಮ್ಮ, ಬಸ್ಸಿನಲ್ಲಿ ಅಣ್ಣ!

ಬೇಸಿಗೆಯಲ್ಲಿ ಎಳೆ ಗೇರುಬೀಜ ಸಿಕ್ಕರೆ ಬಿಡಬೇಡಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸುಲಿಯಿರಿ, ತೊಂಡೆಕಾಯಿ ಜತೆ ಪಲ್ಯ ಮಾಡಿ.