ಮನೆಯಲ್ಲೇ ಕಟ್ಟಿದ ಕ್ಯಾಂಪಿಂಗ್ ಟ್ರೈಲರ್: ದುಡ್ಡು ಉಳಿಯಿತೇ?

ಕಬ್ಬಿನ ಗಾಡಿ ತೂಕಕ್ಕೆ ನಿಂತಾಗ ರೈತನ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಮಂಡ್ಯದ ಕಡೆಯವರಿಗೆ ಹೇಳಬೇಕಿಲ್ಲ. ಪಶ್ಚಿಮ ಸಿಡ್ನಿಯ ಒಂದು ವೇಬ್ರಿಡ್ಜ್ ಮೇಲೆ ನನಗೂ ಹಾಗೇ ಆಯಿತು. ವ್ಯತ್ಯಾಸ ಇಷ್ಟೇ: ಅವರಿಗೆ ತೂಕ ಹೆಚ್ಚು ಬರಬೇಕು, ನನಗೆ ಕಡಿಮೆ ಬರಬೇಕಿತ್ತು.

ಎಂಟು ತಿಂಗಳ ವೀಕೆಂಡ್‌ಗಳನ್ನು ಸುರಿದು ಗ್ಯಾರೇಜಿನಲ್ಲಿ ಕಟ್ಟಿದ ಆಫ್‌ರೋಡ್ ಟ್ರೈಲರ್ ಅದು. ತಾತ್ಕಾಲಿಕ ಪರವಾನಗಿ ಪಡೆದು ಎಳೆದೊಯ್ದಿದ್ದೆ. ಸಾಮಾನು ತುಂಬಿ ಕಾರಿಗೆ ಸಿಕ್ಕಿಸಿದಾಗ ಚಕ್ರಗಳ ಮೇಲೆ 700 ಕಿಲೋ ಬೀಳುತ್ತದೆ ಅಂದುಕೊಂಡಿದ್ದೆ. ಬಿದ್ದದ್ದು 790.

ಇಲ್ಲಿನ ನಿಯಮದಲ್ಲಿ ಈ ಭಾರಕ್ಕೆ ಜಿಟಿಎಂ ಎನ್ನುತ್ತಾರೆ. ಒಂಟಿ ಆಕ್ಸಲ್ ಟ್ರೈಲರ್‌ಗೆ 750 ಕಿಲೋವರೆಗೆ ಬ್ರೇಕ್ ಕಡ್ಡಾಯವಲ್ಲ. ದಾಟಿದರೆ ಬೇಕೇ ಬೇಕು. ನಾನು 60 ಲೀಟರ್ ನೀರಿನ ತೂಕ ಸೇರಿಸಲು ಮರೆತಿದ್ದೆ. ಮೇಲಿನ 30 ಕಿಲೋ, ಆಮೇಲೆ ಆಸೆಪಟ್ಟು ಹಾಕಿದ ಎರಡನೇ ಬ್ಯಾಟರಿ ಮತ್ತು ಡ್ರಾಯರುಗಳದ್ದು. ಟ್ಯಾಂಕ್ ಅರ್ಧ ತುಂಬಿದರಾಯಿತು ಎಂದಿತು ಮನಸ್ಸು. ಮೆಲ್ಬರ್ನ್ ಗೆಳೆಯ ಫೋನಿನಲ್ಲಿ ಒಂದೇ ಮಾತು ಕೇಳಿದ: "ಹಿಂದಿನ ಸೀಟಿನಲ್ಲಿ ಯಾರು ಕೂತಿರ್ತಾರೆ?" ಎಲೆಕ್ಟ್ರಿಕ್ ಬ್ರೇಕ್, ಕಾರಿಗೆ ಕಂಟ್ರೋಲರ್ ಸೇರಿ 900 ಡಾಲರ್ ಕೈಬಿಟ್ಟಿತು.

ಈಗ ಪೂರ್ತಿ ಖರ್ಚು ನೋಡೋಣ. ಸ್ಟೀಲ್ ಮತ್ತು ಗ್ಯಾಲ್ವನೈಸಿಂಗ್ 2,100. ಆಕ್ಸಲ್, ಸಸ್ಪೆನ್ಷನ್, ಟೈರು 2,400. ಬ್ರೇಕ್ 900. ಎಲ್ಲ ದಿಕ್ಕಿಗೂ ತಿರುಗುವ ಆಫ್‌ರೋಡ್ ಹಿಚ್ 500. ಪೆಟ್ಟಿಗೆ, ಟೆಂಟ್ 2,000. ಬ್ಯಾಟರಿ, ಲೈಟ್ 1,500. ಒಟ್ಟು 9,400 ಡಾಲರ್.

ಆ ಗೆಳೆಯ ಸೆಕೆಂಡ್ ಹ್ಯಾಂಡ್ ಕಂಪನಿ ಟ್ರೈಲರ್ ಕೊಂಡದ್ದು 14,000ಕ್ಕೆ. ಹಾಗಾದರೆ ನನಗೆ 4,600 ಉಳಿಯಿತೇ? ಅವಸರ ಬೇಡ.

ನಾಲ್ಕು ವರ್ಷ ಬಿಟ್ಟು ಇಬ್ಬರೂ ಮಾರುತ್ತೇವೆ ಎಂದು ಊಹಿಸಿ. ಕಂಪನಿಯ ಹೆಸರಿರುವ ಅವನದಕ್ಕೆ 10,000, ನನ್ನದಕ್ಕೆ 4,000 ಎಂದು ಹಿಡಿಯೋಣ. ಅವನ ನಷ್ಟ 4,000, ನನ್ನದು 5,400. ಈ ದುಡ್ಡು ಮನೆ ಸಾಲದ ಆಫ್‌ಸೆಟ್ ಖಾತೆಯಲ್ಲೇ ಇದ್ದಿದ್ದರೆ ಶೇ. 6ರ ಬಡ್ಡಿ ಉಳಿಯುತ್ತಿತ್ತು ಎನ್ನಿ. ನಾಲ್ಕು ವರ್ಷಕ್ಕೆ ಅವನಿಗೆ 3,360, ನನಗೆ 2,256. ಕೂಡಿಸಿದರೆ ಅವನ ನಿಜವಾದ ಖರ್ಚು 7,360, ನನ್ನದು 7,656. ಎಂಟು ತಿಂಗಳ ಬೆವರಿಗೆ ಸಿಕ್ಕಿದ ಲಾಭ: 296 ಡಾಲರ್ ನಷ್ಟ!

ಲೆಕ್ಕವನ್ನು ನಿಜವಾಗಿ ಬದಲಿಸುವ ಅಂಕಿ ಬೇರೆಯೇ ಇದೆ. ವರ್ಷಕ್ಕೆ ಎಷ್ಟು ರಾತ್ರಿ ಅದರಲ್ಲಿ ಮಲಗುತ್ತೀರಿ? 10 ರಾತ್ರಿಯಾದರೆ ನನಗೆ ರಾತ್ರಿಗೆ ಸುಮಾರು 191 ಡಾಲರ್. 20 ಆದರೆ 96. ಕಟ್ಟಿದ್ದೋ ಕೊಂಡದ್ದೋ ಎನ್ನುವುದಕ್ಕಿಂತ ಇದು ಎಷ್ಟೋ ಪಾಲು ದೊಡ್ಡ ವ್ಯತ್ಯಾಸ. ಆದ್ದರಿಂದ ಮೊದಲು ಎರಡು ಲಾಂಗ್ ವೀಕೆಂಡಿಗೆ ಬಾಡಿಗೆಗೆ ತಂದು ನೋಡಿ. ಮೂರನೇ ಸಲ ಮಕ್ಕಳೇ ಕೇಳಿದರೆ ಮುಂದುವರಿಯಿರಿ.

ಆಮೇಲೂ ಕಟ್ಟಲೇಬೇಕೆನಿಸಿದರೆ ಮೂರು ಮಾತು. ಮೊದಲನೆಯದು, 2018ರ ರೋಡ್ ವೆಹಿಕಲ್ ಸ್ಟ್ಯಾಂಡರ್ಡ್ಸ್ ಕಾಯ್ದೆ 2021ರ ಜುಲೈ 1ರಿಂದ ಜಾರಿಯಲ್ಲಿದೆ, 4.5 ಟನ್ ಒಳಗಿನ ಟ್ರೈಲರ್‌ಗೂ ರೋವರ್ ಜಾಲತಾಣದಲ್ಲಿ ಒಪ್ಪಿಗೆ ಪಡೆದು, ಆರ್‌ಎವಿ ಪಟ್ಟಿಗೆ ಸೇರಿಸಿ, ಆಮೇಲೆ ರಾಜ್ಯದ ನೋಂದಣಿ. ವೆಲ್ಡಿಂಗ್‌ಗೆ ಮೊದಲೇ ವಿಎಸ್‌ಬಿ-1 ಮಾರ್ಗಸೂಚಿ ಓದಿ. ಎರಡನೆಯದು, 12 ವೋಲ್ಟ್ ವೈರಿಂಗ್ ನೀವೇ ಮಾಡಿಕೊಳ್ಳಬಹುದು. 240 ವೋಲ್ಟ್ ಮತ್ತು ಗ್ಯಾಸ್ ಪೈಪಿಗೆ ಲೈಸೆನ್ಸ್ ಇದ್ದವರೇ ಬೇಕು. ಮೂರನೆಯದು, ನೀರಿನ ತೂಕ ಬರೆದುಕೊಳ್ಳಿ!

ಕಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಹತ್ತು ವರ್ಷದ ಮಗಳು ಈಗ ವೀಲ್ ಬೇರಿಂಗ್‌ಗೆ ಗ್ರೀಸ್ ಹಾಕುತ್ತಾಳೆ. ಆದರೆ ಅದನ್ನು ಉಳಿತಾಯದ ಕಾಲಮ್ಮಿನಲ್ಲಿ ಬರೆಯುವುದಿಲ್ಲ. ಹವ್ಯಾಸದ ಕಾಲಮ್ಮಿನಲ್ಲಿ ಬರೆದಿದ್ದೇನೆ. ಕಳೆದ ಈಸ್ಟರ್‌ಗೆ ನಾನು ಸಿಡ್ನಿಯಿಂದ, ಅವನು ಮೆಲ್ಬರ್ನ್‌ನಿಂದ ಹ್ಯೂಮ್ ಹೈವೇ ಹಿಡಿದು ಆಲ್ಬರಿ ಬಳಿ ಸೇರಿದೆವು. ಎರಡು ಟ್ರೈಲರ್, ಒಂದೇ ಒಲೆ, ಬಿಸಿಬೇಳೆಬಾತ್. ಈ ವರ್ಷದ ನನ್ನ ಎಣಿಕೆ ಈಗ 11 ರಾತ್ರಿ. ನಿಮ್ಮದು ಎಷ್ಟಾಗಬಹುದು, ಕೊಳ್ಳುವ ಮೊದಲೇ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ.